ಬಂದರು ಬರುವ ಮುಂಚೆ

ಹಡಗು ಬಂದು ನಿಲ್ಲುವ ಜಾಗವೇ ಬಂದರು. ಅಲ್ಲಿ ಸರಕು ಇಳಿಸುತ್ತಾರೆ, ಏರಿಸುತ್ತಾರೆ. ಎಣ್ಣೆ, ಕಲ್ಲಿದ್ದಲು, ಗೊಬ್ಬರ, ಅದಿರು ಹೀಗೆ ಎಷ್ಟೋ ಸಾಮಾನು ಬಂದರಿನ ಮೂಲಕ ಬರುತ್ತದೆ, ಹೋಗುತ್ತದೆ. ಬಂದರು ಆದರೆ ಕೆಲವರಿಗೆ ಕೆಲಸ ಸಿಗುತ್ತದೆ. ರಸ್ತೆ ಆಗುತ್ತದೆ. ವ್ಯಾಪಾರ ಬೆಳೆಯುತ್ತದೆ. ಇದು ನಿಜ.

ಆದರೆ ಸಮುದ್ರದ ದಡ ಖಾಲಿ ಜಾಗವಲ್ಲ. ಅಲ್ಲಿ ಮೊದಲೇ ಜನ ಇದ್ದಾರೆ. ದೋಣಿ ಎಳೆದು ನಿಲ್ಲಿಸುತ್ತಾರೆ. ಬಲೆ ಹರಡುತ್ತಾರೆ. ಹೆಂಗಸರು ಮೀನು ಒಣಗಿಸುತ್ತಾರೆ. ಕಡಲಾಮೆ ಮೊಟ್ಟೆ ಇಡಲು ಬರುತ್ತದೆ.

ಹಾಗಾದರೆ ಬಂದರಿನಿಂದ ಲಾಭ ಎಷ್ಟು? ನಷ್ಟ ಎಷ್ಟು? ಲಾಭ ಯಾರಿಗೆ, ನಷ್ಟ ಯಾರಿಗೆ? ಕಟ್ಟಿ ಮುಗಿಸಿದ ಮೇಲೆ ಲೆಕ್ಕ ಹಾಕಿದರೆ ಏನು ಬಂತು? ಮುಂಚೆಯೇ ಹಾಕಬೇಕು. ಈ ಲೆಕ್ಕಕ್ಕೆ ‘ಪರಿಸರ ಪರಿಣಾಮ ಅಧ್ಯಯನ’ ಎಂದು ಹೆಸರು.

ಮರಳು ನಡೆಯುತ್ತದೆ!

ದಡದ ಮರಳು ಒಂದೇ ಕಡೆ ಇರೋದಿಲ್ಲ. ಅಲೆಯ ಜೊತೆ ದಡದುದ್ದಕ್ಕೂ ಸಾಗುತ್ತಾ ಇರುತ್ತದೆ. ಬಂದರಿಗೆ ಅಲೆ ಹೊಡೆಯಬಾರದು ಎಂದು ಸಮುದ್ರದೊಳಗೆ ಕಲ್ಲಿನ ಗೋಡೆ ಕಟ್ಟುತ್ತಾರೆ. ಆಗ ಮರಳಿನ ದಾರಿ ಕಟ್ಟಿಹೋಗುತ್ತದೆ. ಗೋಡೆಯ ಒಂದು ಬದಿ ಮರಳು ತುಂಬುತ್ತದೆ. ಇನ್ನೊಂದು ಬದಿ ಮರಳು ಸಿಗದೆ ದಡ ಕೊರೆದುಹೋಗುತ್ತದೆ.

ಚೆನ್ನೈ ನೋಡಿ. 19ನೇ ಶತಮಾನದ ಕೊನೆಯಲ್ಲಿ ಅಲ್ಲಿ ಬಂದರು ಕಟ್ಟಿದರು. ಅದರ ದಕ್ಷಿಣಕ್ಕೆ ಮರಳು ತುಂಬಿತು. ಇಂದಿನ ಅಗಲವಾದ ಮರೀನಾ ಕಡಲತೀರ ಹೀಗೆ ಬೆಳೆಯಿತು. ಉತ್ತರಕ್ಕೆ ರಾಯಪುರಂ ಕಡೆ ಸಮುದ್ರ ಒಳನುಗ್ಗಿತು. ಗೋಡೆ ಒಂದೇ. ಒಬ್ಬರಿಗೆ ಮರಳು ಬಂತು, ಇನ್ನೊಬ್ಬರ ದಡ ಹೋಯಿತು.

ಅಳಿವೆಯ ಬದುಕು

ಈಗ ನಮ್ಮ ಉತ್ತರ ಕನ್ನಡಕ್ಕೆ ಬರೋಣ. ಅಘನಾಶಿನಿ ಅಣೆಕಟ್ಟಿಲ್ಲದೆ ಹರಿಯುವ ನದಿ. ಕುಮಟಾ ತಾಲೂಕಿನಲ್ಲಿ ತದಡಿಯ ಹತ್ತಿರ ಸಮುದ್ರ ಸೇರುತ್ತದೆ. ನದಿ ಸಮುದ್ರ ಕೂಡುವ ಜಾಗವೇ ಅಳಿವೆ. ತದಡಿಯಲ್ಲಿ ದೊಡ್ಡ ಬಂದರು ಕಟ್ಟುವ ಯೋಜನೆಯ ಮಾತು ಹಿಂದೆ ಬಂದಿತ್ತು.

ಈ ಅಳಿವೆಯಲ್ಲಿ ಏನಿದೆ? ನೀರು ಇಳಿದಾಗ ಜನ ಬಳಚು ಆರಿಸುತ್ತಾರೆ. ಇದಕ್ಕೆ ದೋಣಿ ಬೇಡ, ಬಂಡವಾಳ ಬೇಡ. ಕೈ ಇದ್ದರೆ ಸಾಕು. ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಉಪ್ಪುನೀರನ್ನೂ ತಾಳುವ ಭತ್ತ ಅದು. ಸಾಣಿಕಟ್ಟೆಯಲ್ಲಿ ಉಪ್ಪು ತೆಗೆಯುತ್ತಾರೆ. ದಂಡೆಯ ಕಾಂಡ್ಲ ಗಿಡಗಳ ಬೇರಿನ ನಡುವೆ ಮೀನುಮರಿ, ಸಿಗಡಿಮರಿ ಬೆಳೆಯುತ್ತವೆ. 2024ರಲ್ಲಿ ಈ ಅಳಿವೆ ‘ರಾಮ್ಸಾರ್’ ಎಂಬ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು.

ಇಂಥ ಕಡೆ ದೊಡ್ಡ ಹಡಗು ಬರಬೇಕಾದರೆ ತಳದ ಹೂಳು ತೆಗೆದು ಆಳ ಮಾಡಬೇಕು. ನೀರು ಕದಡುತ್ತದೆ. ಕೆಸರು ಕೂತರೆ ಬಳಚು ಉಸಿರುಕಟ್ಟಿ ಸಾಯಬಹುದು. ಆಳವಾದ ಕಾಲುವೆಯಲ್ಲಿ ಉಪ್ಪುನೀರು ಇನ್ನೂ ಮೇಲಕ್ಕೆ ಏರಬಹುದು. ಬಾವಿ ನೀರು ಉಪ್ಪಾಗಬಹುದು. ತೆಗೆದ ಹೂಳನ್ನು ಎಲ್ಲಿ ಹಾಕುವುದು? ಅದೂ ಒಂದು ಪ್ರಶ್ನೆಯೇ.

ಬಳಚಿಗೆ ರಶೀದಿ ಇಲ್ಲ. ಆರಿಸುವ ತಾಯಂದಿರ ಹೆಸರಲ್ಲಿ ಆ ಜಾಗದ ಪಹಣಿ ಇಲ್ಲ. ಯಾರೂ ಬಾಯಿಬಿಟ್ಟು ಹೇಳದಿದ್ದರೆ ಆ ದುಡಿಮೆ ಲೆಕ್ಕದಿಂದಲೇ ಬಿಟ್ಟುಹೋಗಬಹುದು.

ಕಾಯಿದೆ ಏನು ಹೇಳುತ್ತದೆ?

ಪಣಂಬೂರಿನ ನವಮಂಗಳೂರು ಬಂದರು 1970ರ ದಶಕದಲ್ಲಿ ಆಯಿತು. ಆಗ ಇಂಥ ನಿಯಮ ಇರಲಿಲ್ಲ. ಕೇಂದ್ರ ಸರಕಾರ 1994ರಲ್ಲಿ ನಿಯಮ ತಂದಿತು. 2006ರಲ್ಲಿ ಹೊಸದಾಗಿ ಬರೆಯಿತು. ಅದರ ಪ್ರಕಾರ ಕೆಲಸ ಹೀಗೆ ನಡೆಯಬೇಕು:

1. ಏನೇನು ಅಧ್ಯಯನ ಮಾಡಬೇಕು ಎಂದು ತಜ್ಞರ ಸಮಿತಿ ಹೇಳುತ್ತದೆ.

2. ಬಂದರು ಕಟ್ಟುವವರು ಅಧ್ಯಯನ ಮಾಡಿಸಿ ಕರಡು ವರದಿ ತಯಾರಿಸುತ್ತಾರೆ. ಅದರ ಸಾರಾಂಶ ಕನ್ನಡದಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪಂಚಾಯತಿ, ಊರಿನ ಪಂಚಾಯತಿಗಳಲ್ಲಿ ನೋಡಲು ಸಿಗಬೇಕು.

3. ಆಮೇಲೆ ಸಾರ್ವಜನಿಕ ಆಲಿಕೆ ಸಭೆ. ಇದನ್ನು ಮಾಲಿನ್ಯ ನಿಯಂತ್ರಣ ಮಂಡಳಿ ಏರ್ಪಡಿಸುತ್ತದೆ. ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ತಿಳಿಸಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಹಿರಿಯ ಅಧಿಕಾರಿ ಸಭೆ ನಡೆಸುತ್ತಾರೆ. ಇಡೀ ಸಭೆಯ ವಿಡಿಯೋ ತೆಗೆಯಬೇಕು.

4. ಜನರ ಮಾತಿಗೆ ಉತ್ತರ ಸೇರಿಸಿ ಕೊನೆಯ ವರದಿ ಆಗುತ್ತದೆ. ತಜ್ಞರು ಅದನ್ನು ನೋಡುತ್ತಾರೆ. ಸರಕಾರ ಒಪ್ಪಿಗೆ ಕೊಡಬಹುದು, ಷರತ್ತು ಹಾಕಬಹುದು, ಬೇಡ ಎನ್ನಲೂಬಹುದು.

ಒಪ್ಪಿಗೆ ಸರಿಯಿಲ್ಲ ಅನಿಸಿದರೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಬಹುದು. 30 ದಿನದೊಳಗೆ ಹಾಕಬೇಕು.

ಸಭೆಗೆ ಹೋದಾಗ

ಈ ಸಭೆ ಮತ ಹಾಕುವ ಸಭೆಯಲ್ಲ. ಇಷ್ಟೇ ಜನ ಬರಬೇಕು ಎಂಬ ನಿಯಮವೂ ಇಲ್ಲ. ನಾವು ಹೋಗದಿದ್ದರೂ ಸಭೆ ನಡೆದೇ ಹೋಗುತ್ತದೆ. ಆದ್ದರಿಂದ ಹೋಗಬೇಕು. ಬರೀ ‘ಬೇಕು’ ‘ಬೇಡ’ ಎಂದರೆ ಸಾಲದು. ಹೀಗೆ ಕೇಳಿ:

ಅಲೆ, ಮರಳು ಅಳೆದದ್ದು ಯಾವ ತಿಂಗಳಲ್ಲಿ? ಮಳೆಗಾಲದ ಕಡಲು ಬೇರೆ, ಬೇಸಿಗೆಯ ಕಡಲು ಬೇರೆ ಅಲ್ಲವೇ? ಕಲ್ಲಿನ ಗೋಡೆಯಿಂದ ಯಾವ ಊರಿನ ದಡ ಕೊರೆಯುತ್ತದೆ? ಮೀನು ಒಣಗಿಸುವವರನ್ನು, ಬಳಚು ಆರಿಸುವವರನ್ನು ವರದಿಯಲ್ಲಿ ಎಣಿಸಿದ್ದೀರಾ? ಕಲ್ಲಿದ್ದಲು ಬಂದರೆ ಅದರ ದೂಳು ಎಲ್ಲಿ ಹೋಗುತ್ತದೆ? ನಮ್ಮ ದೋಣಿಗೆ ದಾರಿ ಎಲ್ಲಿ?

ಬಾಯಲ್ಲಿ ಹೇಳಿ. ಬರೆದೂ ಕೊಡಿ. ನಿಮ್ಮ ಬಳಿ ಒಂದು ಪ್ರತಿ ಇಟ್ಟುಕೊಳ್ಳಿ. ಸಭೆಯ ಕೊನೆಗೆ ನಡಾವಳಿಯನ್ನು ಎಲ್ಲರಿಗೂ ಓದಿ ಹೇಳಬೇಕು. ನಿಮ್ಮ ಮಾತು ಅದರಲ್ಲಿ ಬಂದಿದೆಯೇ ಕೇಳಿಸಿಕೊಳ್ಳಿ. ಬಿಟ್ಟಿದ್ದರೆ ಎದ್ದು ನಿಂತು ಹೇಳಿ.

ಯಾರಾದರೂ ಕಾಗದ ತಂದು ಸಹಿ ಕೇಳಿದರೆ ಮೊದಲು ಮೇಲಿನ ಸಾಲು ಓದಿ. ಅದು ಹಾಜರಿ ಪಟ್ಟಿಯೋ, ಒಪ್ಪಿಗೆ ಪತ್ರವೋ? ಈಗ ನಮಗೆ ಓದು ಬರುತ್ತದೆ. ಓದಿದ ಮೇಲೆಯೇ ಸಹಿ.

ಎಲ್ಲರೂ ಕೂಡಿ ಮಾತಾಡಿ

ನಿಮ್ಮ ಊರಿನ ದಡವನ್ನು, ಹೊಳೆಯನ್ನು ಯಾರು ಯಾರು ಯಾವುದಕ್ಕೆ ಬಳಸುತ್ತಾರೆ? ಒಂದು ಪಟ್ಟಿ ಬರೆಯಿರಿ.

ಹತ್ತು ವರ್ಷದ ಹಿಂದೆ ದಡ ಎಲ್ಲಿತ್ತು? ಹಿರಿಯರನ್ನು ಕೇಳಿ ಬರೆದಿಡಿ.