ಓಡುತ್ತಿರುವ ಕಂಪ್ಯೂಟರಿಗೆ ‘ಅನರ್ಹ’ ಎಂಬ ಚೀಟಿ

ತಿಪಟೂರಿನ ಓದುಗರೊಬ್ಬರು, ನಿವೃತ್ತ ಶಿಕ್ಷಕಿ, ಕೇಳಿದ್ದಾರೆ: “ನನ್ನ ಲ್ಯಾಪ್‌ಟಾಪ್ ಕೊಂಡದ್ದು 2016ರಲ್ಲಿ. ಇಂಟೆಲ್ ಐ5, ಆರನೇ ತಲೆಮಾರಿನದು, 8 ಜಿಬಿ ರ್‍ಯಾಮ್ ಇದೆ. ಬ್ಯಾಂಕಿನ ವ್ಯವಹಾರ, ಮೊಮ್ಮಕ್ಕಳ ಜೊತೆ ವಿಡಿಯೊ ಮಾತುಕತೆ, ನುಡಿ ತಂತ್ರಾಂಶದಲ್ಲಿ ಒಂದಿಷ್ಟು ಬರವಣಿಗೆ, ಎಲ್ಲಕ್ಕೂ ಸಾಕಾಗಿದೆ. ವಿಂಡೋಸ್ 11 ಹಾಕಲು ಹೋದರೆ ಈ ಪಿಸಿ ಅರ್ಹವಲ್ಲ ಅನ್ನುತ್ತದೆ. ಅಂಗಡಿಯವರು ಹೊಸದು ತಗೊಳ್ಳಿ ಮೇಡಂ ಅಂತಾರೆ. ಇದಕ್ಕೇನು ಕೊರತೆ?”

ಬಲದ ಲೆಕ್ಕದಲ್ಲಿ ಕೊರತೆ ಏನೂ ಇಲ್ಲ. ವಿಂಡೋಸ್ 11 ಕೇಳುವುದು 1 ಗಿಗಾಹರ್ಟ್ಸ್‌ನ, ಎರಡು ಕೋರ್‌ಗಳ 64 ಬಿಟ್ ಪ್ರೊಸೆಸರ್, 4 ಜಿಬಿ ರ್‍ಯಾಮ್, 64 ಜಿಬಿ ಜಾಗ. ಇವರ ಯಂತ್ರದಲ್ಲಿ ಅದರ ಎರಡರಷ್ಟಿದೆ. ಇಲ್ಲದಿರುವುದು ಒಂದೇ: ಮೈಕ್ರೋಸಾಫ್ಟ್ ಮಾಡಿಟ್ಟ ಪ್ರೊಸೆಸರ್ ಪಟ್ಟಿಯಲ್ಲಿ ಹೆಸರು. ಆ ಪಟ್ಟಿ ಎಲ್ಲಿಂದ ಬಂತು, ಅದರಲ್ಲಿ ವಿಜ್ಞಾನ ಎಷ್ಟು, ವ್ಯಾಪಾರ ಎಷ್ಟು ಎಂದು ನೋಡುವುದು ಸ್ವಾರಸ್ಯದ ಕೆಲಸ.

ಮೊದಲು ಗಾಬರಿ ಕಳೆದುಕೊಳ್ಳೋಣ. 2015ರ ಜುಲೈ 29ರಂದು ಬಂದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಕಂಪನಿಯ ಬೆಂಬಲ ಮುಗಿಯಿತು. ಹಾಗೆಂದು ಮರುದಿನ ಯಾವ ಕಂಪ್ಯೂಟರೂ ಕೆಡಲಿಲ್ಲ. ನಿಂತದ್ದು ಪ್ರತಿ ತಿಂಗಳ ಎರಡನೇ ಮಂಗಳವಾರ ಬರುತ್ತಿದ್ದ ಭದ್ರತಾ ತೇಪೆಗಳು. ತೇಪೆ ಬರದಿದ್ದರೆ ಏನಾದೀತು ಎನ್ನುವವರಿಗೆ 2017ರ ವಾನಾಕ್ರೈ ಸೈಬರ್ ದಾಳಿಯನ್ನು ನೆನಪಿಸುತ್ತೇನೆ. ಅದು ನುಸುಳಿದ ತೂತಿಗೆ ಮೈಕ್ರೋಸಾಫ್ಟ್ ಆ ವರ್ಷದ ಮಾರ್ಚ್ 14ರಂದೇ ತೇಪೆ ಕೊಟ್ಟಿತ್ತು. ದಾಳಿ ನಡೆದದ್ದು ಮೇ 12ರಂದು. ನಡುವಿನ ಎರಡು ತಿಂಗಳು ತೇಪೆ ಹಾಕಿಕೊಳ್ಳದೆ ಕೂತವರೇ ಹೆಚ್ಚಾಗಿ ಸಿಕ್ಕಿಬಿದ್ದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆಗಳು ಮುಂದಕ್ಕೆ ಹೋದವು. ಹಳೆಯ ವ್ಯವಸ್ಥೆಯ ಅಪಾಯ ಇನ್ನೊಂದು ರೀತಿಯಲ್ಲೂ ಬೆಳೆಯುತ್ತದೆ. ವಿಂಡೋಸ್ 10 ಮತ್ತು 11ರ ಒಳಗಿನ ಕೋಡ್ ಬಹಳಷ್ಟು ಒಂದೇ. 11ಕ್ಕೆ ತೇಪೆ ಬಂದ ದಿನವೇ ದಾಳಿಕೋರರು ತೇಪೆಯ ಹಿಂದಿನ, ಮುಂದಿನ ಕೋಡನ್ನು ಪಕ್ಕಪಕ್ಕ ಇಟ್ಟು ತೂತು ಎಲ್ಲಿತ್ತೆಂದು ಕಂಡುಕೊಳ್ಳುತ್ತಾರೆ. ಅದೇ ತೂತು 10ರಲ್ಲಿ ಹಾಗೇ ಉಳಿದಿರುತ್ತದೆ.

ಹಾಗಾದರೆ ಹೊಸದಕ್ಕೆ ಹೋಗಲು ಬಿಡುತ್ತಿಲ್ಲವೇಕೆ? 2021ರ ಜೂನ್ 24ರಂದು ವಿಂಡೋಸ್ 11 ಘೋಷಣೆಯಾದಾಗ ಜಗತ್ತು ಮೊದಲ ಬಾರಿ ತಲೆ ಕೆರೆದುಕೊಂಡದ್ದು ‘ಟಿಪಿಎಂ 2.0’ ಎಂಬ ಷರತ್ತಿಗೆ. ಈ ಟಿಪಿಎಂ ಒಂದು ಪುಟ್ಟ ಚಿಪ್. ಈಚಿನ ಅನೇಕ ಯಂತ್ರಗಳಲ್ಲಿ ಪ್ರತ್ಯೇಕ ಚಿಪ್ ಕೂಡ ಇರುವುದಿಲ್ಲ. ಇಂಟೆಲ್ ಪಿಟಿಟಿ, ಎಎಂಡಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಫರ್ಮ್‌ವೇರೇ ಆ ಕೆಲಸ ಮಾಡುತ್ತದೆ. ಎಷ್ಟೋ ಕಡೆ ಅದು ಬಯೋಸ್ ಸೆಟ್ಟಿಂಗಿನಲ್ಲಿ ಆಫ್ ಆಗಿರುತ್ತದೆ, ಮಾಲೀಕರು ಇಲ್ಲವೆಂದೇ ತಿಳಿದಿರುತ್ತಾರೆ.

ಈ ಚಿಪ್ ಮಾಡುವ ಕೆಲಸ ನನಗೆ ಬಹಳ ಇಷ್ಟವಾದದ್ದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಒಲೆಯ ಮೇಲೊಂದು ಸಾರಿನ ಪಾತ್ರೆ ಇದೆ ಎಂದುಕೊಳ್ಳಿ. ಅದರ ಮುಚ್ಚಳ ಭದ್ರ. ಸಣ್ಣ ತೂತಿನಿಂದ ಒಳಗೆ ಹಾಕಬಹುದು, ಹಾಕಿದ್ದನ್ನು ತೆಗೆಯುವಂತಿಲ್ಲ. ಕಂಪ್ಯೂಟರ್ ಆನ್ ಮಾಡಿದ ಗಳಿಗೆಯಲ್ಲಿ ಪಾತ್ರೆಯಲ್ಲಿ ಬರೀ ನೀರು. ಅಡುಗೆಮನೆಗೆ ಒಬ್ಬರಾದ ಮೇಲೆ ಒಬ್ಬರು ಬರುತ್ತಾರೆ: ಮೊದಲು ಫರ್ಮ್‌ವೇರ್, ಆಮೇಲೆ ಬೂಟ್‌ಲೋಡರ್, ಆಮೇಲೆ ವಿಂಡೋಸಿನ ತಿರುಳಾದ ಕರ್ನಲ್. ಇಲ್ಲಿ ಒಂದು ಕಟ್ಟುನಿಟ್ಟು ಇದೆ. ಸೌಟು ಕೊಟ್ಟು ಹೋಗುವವರು, ಮುಂದೆ ಬರುವವರ ಗಂಟಿನಿಂದ ಒಂದು ಚಿಟಿಕೆ ತೆಗೆದು ಪಾತ್ರೆಗೆ ಹಾಕಿಯೇ ಕೊಡಬೇಕು. ಬರುವವರು ತಮ್ಮ ಚಿಟಿಕೆಯನ್ನು ತಾವೇ ಹಾಕಿಕೊಳ್ಳುವಂತಿಲ್ಲ.

ಈಗ ನಡುವೆ ಕಳ್ಳನೊಬ್ಬ ಸೇರಿಕೊಂಡ ಎನ್ನಿ. ಅವನು ಸೌಟು ಹಿಡಿಯುವ ಮೊದಲೇ ಅವನ ಚಿಟಿಕೆ ಪಾತ್ರೆಗೆ ಬಿದ್ದಾಗಿದೆ! ತೆಗೆಯೋಣವೆಂದರೆ ಆಗದು. ಬೇರೇನಾದರೂ ಹಾಕಿ ಮೊದಲಿನ ರುಚಿಗೆ ತರೋಣವೆಂದರೆ, ಉಪ್ಪು ಜಾಸ್ತಿಯಾದ ಸಾರಿಗೆ ಬೆಲ್ಲ ಹಾಕಿದಂತೆ, ರುಚಿ ಮತ್ತೂ ಬೇರೆಯಾಗುತ್ತದೆಯೇ ಹೊರತು ಹಿಂದಿನದಾಗುವುದಿಲ್ಲ. ಹಾಕುವ ಸರದಿ ಬದಲಾದರೂ ಕಥೆ ಅದೇ. ಒಗ್ಗರಣೆ ಮೊದಲು ಕೊಟ್ಟ ಸಾರೂ ಕೊನೆಗೆ ಕೊಟ್ಟ ಸಾರೂ ಒಂದೇ ಅಲ್ಲವೆಂದು ಅಡುಗೆ ಬಲ್ಲವರಿಗೆ ಹೇಳಬೇಕಿಲ್ಲ. ಡಿಸ್ಕ್ ತೆರೆಯುವ ಹೊತ್ತು ಬಂದಾಗ ಟಿಪಿಎಂ ರುಚಿ ನೋಡುತ್ತದೆ. ನಿನ್ನೆಯದೇ ರುಚಿ ಇದ್ದರೆ ಡಿಸ್ಕಿನ ಗೂಢಲಿಪಿ ಬಿಡಿಸುವ ಕೀಲಿಯನ್ನು ಹೊರಕ್ಕೆ ಕೊಡುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೊಡುವುದಿಲ್ಲ. ಪಾತ್ರೆ ತೊಳೆದು ಹೊಸ ನೀರು ಇಡಲು ಇರುವ ದಾರಿ ಒಂದೇ, ರೀಸ್ಟಾರ್ಟ್; ಅಂದರೆ ಅಡುಗೆ ಮತ್ತೆ ಮೊದಲಿನಿಂದ.

ಚಿಟಿಕೆ ಎಂದು ನಾನು ಕರೆದದ್ದು ಗಣಿತದ ‘ಹ್ಯಾಶ್’. ಕೋಡ್ ಹತ್ತು ಸಾಲಿನದಾಗಲಿ ಹತ್ತು ಜಿಬಿಯದಾಗಲಿ, ಶಾ-256 ಎಂಬ ವಿಧಾನ ಅದರಿಂದ ತೆಗೆಯುವುದು 256 ಬಿಟ್‌ಗಳ ಒಂದು ಸಂಖ್ಯೆ ಮಾತ್ರ. ಟಿಪಿಎಂ ಈ ಹೊಸ ಸಂಖ್ಯೆಯನ್ನು ಒಳಗಿರುವ ಹಳೆಯ ಸಂಖ್ಯೆಯ ಬಾಲಕ್ಕೆ ಜೋಡಿಸಿ, ಎರಡನ್ನೂ ಸೇರಿಸಿ ಮತ್ತೆ ಹ್ಯಾಶ್ ಮಾಡಿ, ಬಂದ ಉತ್ತರವನ್ನೇ ಇಟ್ಟುಕೊಳ್ಳುತ್ತದೆ. ನಮ್ಮ ನಾಲಗೆಯನ್ನು ಏಮಾರಿಸಬಹುದು, ಈ ರುಚಿಯನ್ನು ಏಮಾರಿಸುವುದು ಕಷ್ಟ: ಮೂಲದಲ್ಲಿ ಒಂದೇ ಒಂದು ಬಿಟ್ ಬದಲಾದರೂ ಉತ್ತರದಲ್ಲಿ ಸುಮಾರು ಅರ್ಧದಷ್ಟು ಬಿಟ್‌ಗಳು ಅದಲು ಬದಲಾಗುತ್ತವೆ.

ಗಮನಿಸಿ, ಟಿಪಿಎಂ ಯಾರನ್ನೂ ತಡೆಯುವುದಿಲ್ಲ. ನಡೆದದ್ದನ್ನು ಅಳಿಸಲಾಗದಂತೆ ದಾಖಲಿಸುತ್ತದೆ, ಅನುಮಾನ ಬಂದರೆ ಕೀಲಿ ಕೊಡುವುದಿಲ್ಲ, ಅಷ್ಟೆ. ಸಹಿ ಇಲ್ಲದ ಬೂಟ್‌ಲೋಡರನ್ನು ಬಾಗಿಲಲ್ಲೇ ತಡೆಯುವ ‘ಸೆಕ್ಯೂರ್ ಬೂಟ್’ ಬೇರೆಯದೇ ವ್ಯವಸ್ಥೆ. ವಿಂಡೋಸ್ 11 ಅದನ್ನೂ ಕೇಳುತ್ತದೆ.

ಈ ಆಲೋಚನೆ ಹೊಸದೇನಲ್ಲ. ಕಾಂಪ್ಯಾಕ್, ಎಚ್‌ಪಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್ ಸೇರಿ 1999ರಲ್ಲಿ ಕೂಟ ಕಟ್ಟಿದಾಗಲೇ ಇದರ ಬೀಜ ಬಿದ್ದಿತ್ತು. ಕೇಂಬ್ರಿಜಿನ ಭದ್ರತಾ ತಜ್ಞ ರಾಸ್ ಆಂಡರ್ಸನ್, ಮುಕ್ತ ತಂತ್ರಾಂಶದ ರಿಚರ್ಡ್ ಸ್ಟಾಲ್‌ಮನ್ ಇಬ್ಬರೂ ಮುಂದಿನ ಕೆಲವೇ ವರ್ಷಗಳಲ್ಲಿ ಎಚ್ಚರಿಸಿದ್ದರು: ಇಂಥ ಏರ್ಪಾಟಿನಲ್ಲಿ ಯಂತ್ರ ನಿಮ್ಮದಾದರೂ ಅದರ ಮೇಲಿನ ಅಧಿಕಾರ ಕಂಪನಿಗಳ ಕೈಗೆ ಹೋಗಬಹುದು ಎಂದು. ಅವರು ಹೆದರಿದ ರೂಪದಲ್ಲೇ ಎಲ್ಲವೂ ನಡೆಯಲಿಲ್ಲ, ಪೂರ್ತಿ ಸುಳ್ಳೂ ಆಗಲಿಲ್ಲ. ಇನ್ನು ಹಿಂದಿನ ಟಿಪಿಎಂ 1.2 ಸಾಲದು, 2.0 ಏಕೆ ಬೇಕು ಎಂಬುದಕ್ಕೆ ಗಟ್ಟಿ ಕಾರಣವಿದೆ. ಹಳೆಯ 1.2 ಚಿಪ್ ಶಾ-1 ಎಂಬ ಹಳೆಯ ಹ್ಯಾಶಿಗೆ ಅಂಟಿಕೊಂಡಿತ್ತು. 2017ರ ಫೆಬ್ರುವರಿಯಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಸಂಸ್ಥೆ ಮತ್ತು ಗೂಗಲ್‌ನ ಸಂಶೋಧಕರು ಒಂದೇ ಶಾ-1 ಉತ್ತರ ಕೊಡುವ ಎರಡು ಬೇರೆ ಬೇರೆ ಪಿಡಿಎಫ್ ಕಡತಗಳನ್ನು ತಯಾರಿಸಿ ತೋರಿಸಿಬಿಟ್ಟರು. 2.0ರಲ್ಲಿ ಹ್ಯಾಶ್ ವಿಧಾನವನ್ನೇ ಬದಲಿಸಿಕೊಳ್ಳುವ ಅವಕಾಶವಿದೆ.

ಇಷ್ಟೂ ಸರಿ. ಆದರೆ ಆರನೇ ತಲೆಮಾರಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಟಿಪಿಎಂ 2.0 ಇದ್ದೇ ಇದೆ! 2016ರ ಜುಲೈ ಕೊನೆಯಿಂದ ವಿಂಡೋಸ್ 10 ಹಾಕಿ ಮಾರುವ ಹೊಸ ಮಾದರಿಗಳಲ್ಲಿ ಅದು ಇರಬೇಕೆಂದು ಮೈಕ್ರೋಸಾಫ್ಟೇ ವಿಧಿಸಿತ್ತು. ಅವುಗಳಿಗೆ ಅಡ್ಡ ಬಂದದ್ದು ಪ್ರೊಸೆಸರ್ ಪಟ್ಟಿ. ಇಂಟೆಲ್ ಆದರೆ ಎಂಟನೇ ತಲೆಮಾರು, ಅಂದರೆ ಸರಿಸುಮಾರು 2017ರ ಕೊನೆಯಿಂದ ಈಚಿನದು.

ಅದಕ್ಕೆ ಕೊಟ್ಟ ತಾಂತ್ರಿಕ ಕಾರಣ ಹಗುರವಾದದ್ದಲ್ಲ. ವಿಂಡೋಸ್ 11ರಲ್ಲಿ ಕರ್ನಲ್ ಓಡಿಸುವ ಪ್ರತಿ ಪುಟದ ಕೋಡ್‌ಗೆ ಸಹಿ ಇದೆಯೇ ಎಂದು ಕರ್ನಲ್‌ಗಿಂತ ಕೆಳಗಿನ ಇನ್ನೊಂದು ಪದರ ಪರೀಕ್ಷಿಸುತ್ತದೆ. ‘ಮೆಮೊರಿ ಇಂಟೆಗ್ರಿಟಿ’ ಎಂದು ಸೆಟ್ಟಿಂಗಿನಲ್ಲಿ ಕಾಣುವುದು ಇದೇ. ಇದು ಚುರುಕಾಗಿ ನಡೆಯಬೇಕಾದರೆ, ಈ ಪುಟವನ್ನು ಸಾಮಾನ್ಯ ಪ್ರೋಗ್ರಾಮ್ ಓಡಿಸಬಹುದು, ಕರ್ನಲ್ ಓಡಿಸಕೂಡದು ಎಂಬ ಭೇದ ಪ್ರೊಸೆಸರಿಗೇ ಗೊತ್ತಿರಬೇಕು. ಇಂಟೆಲ್ ಈ ಸೌಲಭ್ಯವನ್ನು ಏಳನೇ ತಲೆಮಾರಿನ ಕೇಬಿ ಲೇಕ್‌ನಿಂದ ಕೊಟ್ಟಿತು, ಎಎಂಡಿ ತನ್ನ ಝೆನ್ 2ರಿಂದ. ಅದಿಲ್ಲದ ಕಡೆ ಸಾಫ್ಟ್‌ವೇರೇ ಅದನ್ನು ಅನುಕರಿಸಬೇಕು, ವೇಗ ಇಳಿಯುತ್ತದೆ.

ಈಗ ಪಟ್ಟಿಯನ್ನು ಇದಕ್ಕೆ ಹೋಲಿಸಿ ನೋಡಿ. ಸೌಲಭ್ಯ ಇರುವ ಏಳನೇ ತಲೆಮಾರಿನ ಹೆಚ್ಚಿನ ಪ್ರೊಸೆಸರ್‌ಗಳು ಪಟ್ಟಿಯ ಹೊರಗೆ. ಸೌಲಭ್ಯ ಇಲ್ಲದ, ಝೆನ್ 2ಕ್ಕೂ ಹಿಂದಿನ ರೈಜೆನ್ 5 2600 ಪಟ್ಟಿಯ ಒಳಗೆ. ಇನ್ನೂ ತಮಾಷೆ, 2021ರ ಆಗಸ್ಟಿನಲ್ಲಿ ಏಳನೇ ತಲೆಮಾರಿಗೆ ಕೊಟ್ಟ ಬೆರಳೆಣಿಕೆಯ ವಿನಾಯಿತಿಗಳಲ್ಲಿ ಒಂದು ಐ7-7820ಎಚ್‌ಕ್ಯೂ ಎಂಬುದಕ್ಕೆ. ಮೈಕ್ರೋಸಾಫ್ಟ್‌ನ ಸ್ವಂತ ದುಬಾರಿ ಯಂತ್ರ ಸರ್ಫೇಸ್ ಸ್ಟುಡಿಯೊ 2ರಲ್ಲಿದ್ದದ್ದು ಅದೇ! ಷರತ್ತು ಪೂರೈಸದ ಯಂತ್ರಗಳಲ್ಲಿ ಕರ್ನಲ್ ಕುಸಿಯುವುದು ಶೇ 52ರಷ್ಟು ಹೆಚ್ಚು ಎಂದೂ ಕಂಪನಿ ಆಗ ಹೇಳಿತು. ಇರಬಹುದು. ಆದರೆ ಪೂರೈಸಿದವುಗಳಲ್ಲಿ ಶೇ 99.8ರಷ್ಟು ಕುಸಿತವಿಲ್ಲದ ಅನುಭವ ಎಂದು ಅದೇ ಹೇಳಿಕೆಯಲ್ಲಿತ್ತು. ಶೇ 0.2ರ ಮೇಲೆ ಅರ್ಧದಷ್ಟು ಏರಿದರೆ ಬರುವುದು ಶೇ 0.3. ಪತ್ರಿಕೆಯ ತಲೆಬರಹಕ್ಕೆ 52 ಚೆನ್ನ, ಮನೆಯಲ್ಲಿ ಕೂತು ಬಳಸುವವರಿಗೆ ಆ ವ್ಯತ್ಯಾಸ ಕಾಣುವುದೇ ಅನುಮಾನ. ಗೆರೆ ಎಲ್ಲೋ ಒಂದು ಕಡೆ ಎಳೆಯಲೇಬೇಕು, ಒಪ್ಪುತ್ತೇನೆ. ಆದರೆ ಇದು ತಂತ್ರಜ್ಞಾನವೊಂದೇ ಎಳೆದ ಗೆರೆ ಎಂದರೆ ನಾನು ನಂಬುವುದಿಲ್ಲ.

ಈ ಗೆರೆ ದಾಟಿಸಿ ಕೊಡುವ ಅಂಗಡಿಗಳು ಊರೂರಲ್ಲಿವೆ. ತಪಾಸಣೆ ತಪ್ಪಿಸುವಂತೆ ಪೆನ್‌ಡ್ರೈವ್ ಸಿದ್ಧಮಾಡುವ ರೂಫಸ್‌ನಂಥ ಉಚಿತ ಸಾಧನಗಳೂ ಇವೆ. ನಡೆಯುತ್ತದೆ, ಆದರೆ ತೇಪೆ ಬರುವ ಖಾತ್ರಿ ಇಲ್ಲವೆಂದು ಕಂಪನಿ ಕೈ ತೊಳೆದುಕೊಂಡಿದೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಹೀಗೇ ಕೈಯಾರೆ ಹಾಕಬೇಕಾಗುತ್ತದೆ. ಬ್ಯಾಂಕ್ ವ್ಯವಹಾರದ ಯಂತ್ರಕ್ಕೆ ನಾನಂತೂ ಇದನ್ನು ಹೇಳುವುದಿಲ್ಲ.

ತಪ್ಪಿಸಿಕೊಳ್ಳಲಾಗದ ಗೆರೆಯೂ ಒಂದಿದೆ. 2024ರ ‘24ಎಚ್2’ ಆವೃತ್ತಿಯಿಂದ ವಿಂಡೋಸ್ 11 ‘ಪಾಪ್‌ಕೌಂಟ್’ ಎಂಬ ಆದೇಶ ಅರಿಯದ ಪ್ರೊಸೆಸರಿನಲ್ಲಿ ಬೂಟ್ ಆಗುವುದೇ ಇಲ್ಲ. ಒಂದು ದ್ವಿಮಾನ ಸಂಖ್ಯೆಯಲ್ಲಿ ಎಷ್ಟು ಒಂದುಗಳಿವೆ ಎಂದು ಎಣಿಸುವ ಆದೇಶ ಅದು. ಸೀಮೋರ್ ಕ್ರೇ 1964ರಲ್ಲಿ ರೂಪಿಸಿದ ಸಿಡಿಸಿ 6600 ಮಹಾಗಣಕದಲ್ಲೇ ಇದು ಇತ್ತು. ಇಂಟೆಲ್‌ನ ಮನೆಬಳಕೆಯ ಪ್ರೊಸೆಸರಿಗೆ ಬಂದದ್ದು 2008ರ ನೆಹಾಲೆಮ್‌ನಲ್ಲಿ! ಹಾಗಾಗಿ ಕೋರ್ 2 ಡ್ಯುಯೊ ಇದ್ದವರಿಗೆ ಯಾವ ಉಪಾಯವೂ ನಡೆಯದು. ಇದು ಪಟ್ಟಿಯ ಮಾತಲ್ಲ, ಸಿಲಿಕಾನ್‌ನಲ್ಲಿ ಆ ಆದೇಶವೇ ಇಲ್ಲ.

ಶಿಕ್ಷಕಿಯವರ ಲ್ಯಾಪ್‌ಟಾಪಿಗೆ ಎರಡು ನೇರ ದಾರಿಗಳಿವೆ. ಒಂದು, ಮೈಕ್ರೋಸಾಫ್ಟ್ 2025ರಲ್ಲಿ ಪ್ರಕಟಿಸಿದ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆ. ಅದರಂತೆ ಮನೆಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ವಿಂಡೋಸ್ 10ಕ್ಕೇ ತೇಪೆ ಸಿಗುತ್ತದೆ. 30 ಡಾಲರ್ ಕಟ್ಟಬಹುದು, ಇಲ್ಲವೇ ಸೆಟ್ಟಿಂಗುಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿದರೆ ಉಚಿತ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಣಿಯ ಕೊಂಡಿ ಇರುತ್ತದೆ.

ಎರಡು, ಲಿನಕ್ಸ್. ಹಳೆಯ ಯಂತ್ರಗಳ ವಿಷಯದಲ್ಲಿ ಇದರ ತಾಳ್ಮೆ ದೊಡ್ಡದು. 1985ರಲ್ಲಿ ಹುಟ್ಟಿದ 386 ಪ್ರೊಸೆಸರನ್ನು ಲಿನಕ್ಸ್ ಕರ್ನಲ್ ಕೈಬಿಡಲು ನಿರ್ಧರಿಸಿದ್ದು 2012ರ ಕೊನೆಗೆ. ವಿಂಡೋಸ್ ರೂಢಿಯಾದವರಿಗೆ ಲಿನಕ್ಸ್ ಮಿಂಟ್ ಹತ್ತಿರವೆನಿಸುತ್ತದೆ, ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ ಆಮೇಲೆ ಹಾಕಿಕೊಳ್ಳಬಹುದು. ಕನ್ನಡಕ್ಕೆ ಕೆ. ಪಿ. ರಾವ್ ವಿನ್ಯಾಸವನ್ನು ಆಧರಿಸಿದ ಕಗಪ ಕೀಲಿಮಣೆ ಅಲ್ಲೂ ಇದೆ, ಬೆರಳುಗಳಿಗೆ ಹೊಸ ಅಭ್ಯಾಸ ಬೇಕಿಲ್ಲ. ತೊಡಕಿರುವುದು ಹಳೆಯ ಬರಹಗಳಲ್ಲಿ. ನುಡಿಯ ಹಳೆಯ ಆಸ್ಕಿ ಫಾಂಟುಗಳಲ್ಲಿ ಬರೆದಿಟ್ಟದ್ದು ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೆರೆದುಕೊಳ್ಳುತ್ತದೆ. ವಿಂಡೋಸ್ ಇರುವಾಗಲೇ ಎಲ್ಲವನ್ನೂ ಯೂನಿಕೋಡಿಗೆ ಪರಿವರ್ತಿಸಿ ತೆಗೆದುಕೊಂಡರೆ ಕ್ಷೇಮ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಪೇಜ್‌ಮೇಕರ್ ನಂಬಿದ ಡಿಟಿಪಿ ಅಂಗಡಿಯವರು ಮಾತ್ರ ಲಿನಕ್ಸ್‌ಗೆ ಅವಸರ ಮಾಡಬೇಡಿ.

ಯಾವುದನ್ನೇ ಆರಿಸಿಕೊಂಡರೂ ಹಾರ್ಡ್‌ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿ. ಲ್ಯಾಪ್‌ಟಾಪಿನ ಸಾಮಾನ್ಯ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ ಸುಮಾರು 5.5 ಮಿಲಿಸೆಕೆಂಡ್ ಕಾಯಬೇಕು. ಮುಳ್ಳು ಸರಿಯುವ ಹೊತ್ತನ್ನೂ ಸೇರಿಸಿದರೆ ಚದುರಿದ ಕಡತಗಳನ್ನು ಸೆಕೆಂಡಿಗೆ ನೂರು ಬಾರಿ ಓದುವುದೂ ಅದಕ್ಕೆ ಕಷ್ಟ. ಎಸ್‌ಎಸ್‌ಡಿ ಸಾವಿರಾರು ಬಾರಿ ಓದುತ್ತದೆ. ‘ಕಂಪ್ಯೂಟರ್ ಹಳೆಯದಾಯಿತು’ ಎಂಬ ದೂರಿನಲ್ಲಿ ಬಹುಪಾಲು ಈ ತಿರುಗುವ ತಟ್ಟೆಯದೇ.

ಕೆಲಸಕ್ಕೆ ಕೈ ಹಾಕುವ ಮುನ್ನ ಫೋಟೊ, ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಳ್ಳಿ. ಜೊತೆಗೆ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ. ಇದ್ದರೆ, ಬಯೋಸ್ ಮುಟ್ಟಿದ ಕೂಡಲೇ ಟಿಪಿಎಂಗೆ ರುಚಿ ಬದಲಾದಂತೆ ಕಂಡು 48 ಅಂಕಿಗಳ ಮರುಗಳಿಕೆ ಕೀಲಿ ಕೇಳಬಹುದು. ಅದಿಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಅಂಗಡಿಯವರೂ ಮೈಕ್ರೋಸಾಫ್ಟ್‌ನವರೂ ತೆರೆದುಕೊಡಲಾರರು. ಆ ಅಂಕಿಗಳನ್ನು ಇಂದೇ ಒಂದು ಕಾಗದದ ಮೇಲೆ ಬರೆದು ಲ್ಯಾಪ್‌ಟಾಪ್ ಚೀಲದಲ್ಲಲ್ಲ, ಬೀರುವಿನಲ್ಲಿ ಇಡಿ.