ದೊಡ್ಡಬೆಟ್ಟಕ್ಕೆ ಅನುವಾದ ಬೇಕೇ?



ಚೆನ್ನೈಯಲ್ಲೇ ಹುಟ್ಟಿ ಬೆಳೆದ ನಿಮಗೆ ಬೆಟ್ಟವೆಂದರೆ ಪರಂಗಿಮಲೆ, ನಡಿಗೆಯೆಂದರೆ ಮರೀನಾ. ಊಟಿ ನೋಡದವರು ನಿಮ್ಮಲ್ಲಿ ವಿರಳ. ಆದರೆ ಅಲ್ಲಿ ಮಾಡಿದ್ದೇನು? ದೋಣಿ ವಿಹಾರ, ಚಾಕೊಲೇಟ್ ಅಂಗಡಿ, ವ್ಯಾನಿನಲ್ಲೇ ದೊಡ್ಡಬೆಟ್ಟದ ತುದಿ, ನಾಲ್ಕು ಫೋಟೋ. 2637 ಮೀಟರ್ ಎತ್ತರದ ಆ ಶಿಖರದ ಹೆಸರನ್ನು ಒಮ್ಮೆ ಬಿಡಿಸಿ ಹೇಳಿನೋಡಿ. ದೊಡ್ಡ, ಬೆಟ್ಟ. ನಿಮ್ಮ ಅಜ್ಜಿ ಆಡುವ ಮಾತೇ ಅಲ್ಲವೇ?

ನೀಲಗಿರಿಯ ಬಡಗರ ನುಡಿ ಕನ್ನಡಕ್ಕೆ ಬಹು ಹತ್ತಿರದ್ದು. ಬಡಗ ಎಂದರೆ ಬಡಗಣ, ಅಂದರೆ ಉತ್ತರ ದಿಕ್ಕಿನವ. ಪೂರ್ವಜರು ಮೈಸೂರು ಸೀಮೆಯಿಂದ ಬಂದವರೆಂಬುದು ಅವರಲ್ಲಿ ಪ್ರಚಲಿತವಾದ ಐತಿಹ್ಯ. ಅದನ್ನು ಕನ್ನಡದ ಉಪಭಾಷೆಯೆಂದು ಕೆಲವು ವಿದ್ವಾಂಸರು ಹೇಳಿದರೆ, ಅದು ಸ್ವತಂತ್ರ ಭಾಷೆಯೆಂಬ ಅಭಿಮಾನ ಬಡಗರಿಗಿದೆ. ಆ ಅಭಿಮಾನಕ್ಕೆ ನಾವು ಅಡ್ಡ ಬರುವುದು ಬೇಡ.

ಇದೆಲ್ಲ ನನಗೆ ಪುಸ್ತಕದಿಂದ ಗೊತ್ತಿತ್ತು. ಕಿವಿಗೆ ಬಿದ್ದದ್ದು ಮಾತ್ರ ಕಾಲ್ನಡಿಗೆಯಲ್ಲಿ. ಒಮ್ಮೆ ನಮ್ಮ ಬಳಗದ ನಾಲ್ವರು ಮಕ್ಕಳೊಡನೆ ಕೋತಗಿರಿಯ ಚಹಾ ತೋಟಗಳ ನಡುವೆ ಹೋಗುತ್ತಿದ್ದೆ. ಬಿಳಿ ಸೀರೆಯ ಅಜ್ಜಿಯೊಬ್ಬರು ತಡೆದು ಏನೋ ಕೇಳಿದರು. ಹಟ್ಟಿ ಎಂಬ ಶಬ್ದ ಸ್ಪಷ್ಟವಾಗಿ ಕೇಳಿಸಿತು. ಅವರ ಊರುಗಳಿಗೆ ಅದೇ ಹೆಸರು. ನಾನು ಉತ್ತರ ಹುಡುಕುತ್ತಿರುವಾಗಲೇ ಗುಂಪಿನ ಒಬ್ಬಳು, ಮನೆಯಲ್ಲಿ ಅಪ್ಪನಿಗೆ ತಮಿಳು ಇಂಗ್ಲಿಷಿನಲ್ಲೇ ಉತ್ತರಿಸುವವಳು, "ನಾವು ಚೆನ್ನೈಯವರು ಅಜ್ಜಿ, ಕಾಡು ನೋಡೋಕೆ ಬಂದಿದೀವಿ" ಎಂದುಬಿಟ್ಟಳು! ಅಜ್ಜಿಗೆ ತಿಳಿಯಿತು. ಹಾಲು ಹಾಕಿದ ಚಹಾ ಬಂತು. ಹಾಲಿಗೆ ಅಲ್ಲಿಯೂ ಹಾಲೇ.

ಕೋತಗಿರಿಯ ಪಕ್ಕದಲ್ಲೇ ಲಾಂಗ್‌ವುಡ್ ಶೋಲೆ ಇದೆ. ಕುಳ್ಳಗಿನ, ಪಾಚಿ ಹೊದ್ದ ಮರಗಳು ಒತ್ತಾಗಿ ಹೆಣೆದುಕೊಂಡು, ನಡುಹಗಲಿನಲ್ಲೂ ಒಳಗೆ ಸಂಜೆಯ ಬೆಳಕು. ನೆಲದ ಮೇಲೆ ಕೊಳೆತ ಎಲೆಯ ಮೆತ್ತನೆಯ ಹಾಸು. ಕೈಯಿಂದ ಒತ್ತಿದರೆ ನೀರು ಜಿನುಗುತ್ತದೆ. ಮಳೆಗಾಲದ ನೀರನ್ನು ಹೀರಿಟ್ಟುಕೊಂಡು, ಆಮೇಲೆ ತೊರೆಗಳಿಗೆ ಮೆಲ್ಲಗೆ ಬಿಟ್ಟುಕೊಡುವುದೇ ಶೋಲೆ ಮತ್ತು ಹುಲ್ಲುಗಾವಲಿನ ಕೆಲಸ. ನೀಲಗಿರಿಯ ತೊರೆಗಳು ಭವಾನಿಗೆ, ಭವಾನಿ ಕಾವೇರಿಗೆ. ಕಾವೇರಿಯ ನೀರು ವೀರಾಣಂ ಕೆರೆಯ ಮೂಲಕ 2004ರಿಂದ ಚೆನ್ನೈಗೂ ಬರುತ್ತಿದೆ. ನಿಮ್ಮ ಮನೆಯ ನಲ್ಲಿಗೆ ಈ ಕಾಡೂ ದೂರದ ನಂಟೇ!

ಒಂದು ಕಹಿ ವಿಷಯವನ್ನೂ ಹೇಳಬೇಕು. 2018ರ ಮಾರ್ಚ್‌ನಲ್ಲಿ ತೇನಿ ಜಿಲ್ಲೆಯ ಕುರಂಗಣಿಯಲ್ಲಿ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಚಾರಣಿಗರು ಸತ್ತರು. ಚೆನ್ನೈಯಿಂದ ಹೋದ ಯುವಕ ಯುವತಿಯರೂ ಅವರಲ್ಲಿದ್ದರು. ಒಣಹುಲ್ಲಿನ ಬೆಟ್ಟದಲ್ಲಿ ಬೆಂಕಿ ಇಳಿಜಾರನ್ನು ಏರುವ ವೇಗಕ್ಕೆ ಮನುಷ್ಯನ ಕಾಲು ಸಾಟಿಯಲ್ಲ. ಆದ್ದರಿಂದ ಬೇಸಗೆಯಲ್ಲಿ ಬೇಡ, ಅನುಮತಿಯಿಲ್ಲದ ದಾರಿಯಂತೂ ಬೇಡವೇ ಬೇಡ. ತಮಿಳುನಾಡು ಸರ್ಕಾರ 2024ರ ಅಕ್ಟೋಬರ್‌ನಲ್ಲಿ 40 ಚಾರಣ ದಾರಿಗಳಿಗೆ ಆನ್‌ಲೈನ್ ನೋಂದಣಿ ಆರಂಭಿಸಿತು. ಸ್ಥಳೀಯರೇ ಮಾರ್ಗದರ್ಶಕರಾಗಿ ಜೊತೆಗೆ ಬರುತ್ತಾರೆ. ನೀಲಗಿರಿಯ ದಾರಿಗಳೂ ಅದರಲ್ಲಿವೆ.

ಹೊರಡುವುದು ಸುಲಭ. ಸೆಂಟ್ರಲ್‌ನಿಂದ ರಾತ್ರಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗ್ಗೆ ಮೇಟ್ಟುಪಾಳ್ಯ. ಅಲ್ಲಿಂದ ಕೋತಗಿರಿಗೆ ಬಸ್ಸಿದೆ. ಹಳೆಯ ಷೂ ಹಾಕಿಕೊಳ್ಳಿ, ಹೊಸದು ಕಾಲು ಕಚ್ಚುತ್ತದೆ. ಮಳೆಗಾಲವಾದರೆ ಜಿಗಣೆಗೆ ಒಂದಿಷ್ಟು ಉಪ್ಪು ಕಟ್ಟಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿದೆ, ಮನೆಯಿಂದ ಸ್ಟೀಲಿನದೇ ತನ್ನಿ. ದಾರಿಯಲ್ಲಿ ಯಾರಾದರೂ ಅಜ್ಜಿ ಮಾತನಾಡಿಸಿದರೆ ಇಂಗ್ಲಿಷಿಗೆ ತಡಕಾಡಬೇಡಿ. ನಿಮ್ಮ ಅಜ್ಜಿಯ ಹತ್ತಿರ ಆಡುವ ಹರಕುಮುರುಕು ಕನ್ನಡವೇ ಸಾಕು.