ನಮ್ಮ ಒಲೆಯ ಮೇಲೆ ಪರದೇಶದ ರೊಟ್ಟಿ

ಬ್ರೆಡ್ಡು ಎಂದೊಡನೆ ನಮ್ಮ ರಾಯಚೂರು ಸೀಮೆಯ ಹಿರಿಯರ ಕಣ್ಣ ಮುಂದೆ ಬಂದು ನಿಲ್ಲುವುದು ಆಸ್ಪತ್ರೆಯ ಮಂಚ. ಜ್ವರ ಬಿಟ್ಟವರಿಗೆ ಹಾಲಿನಲ್ಲಿ ಅದ್ದಿ ಕೊಡುವ ಪದಾರ್ಥವದು. ಉಂಡು ತೃಪ್ತಿಪಡುವ ಆಹಾರವಲ್ಲ. ನಿಜಾಮರ ಕಾಲದ ಉರ್ದು ಮಾತುಗಳು ಇನ್ನೂ ಉಳಿದಿರುವ ಮನೆಗಳಲ್ಲಿ ಅದಕ್ಕೆ 'ಡಬಲ್ ರೊಟ್ಟಿ' ಎಂದೇ ಹೆಸರು. ಹೆಸರಿನಲ್ಲಿ ರೊಟ್ಟಿ ಇದ್ದರೂ ನಮ್ಮ ಅಡುಗೆಮನೆಗೂ ಅದಕ್ಕೂ ನಂಟಿಲ್ಲ. ಬೇಕರಿಯಿಂದ ಕಾಗದ ಸುತ್ತಿಕೊಂಡು ಬರುವ ಅತಿಥಿ ಅದು.

ಈ ಅತಿಥಿಯನ್ನು ಮನೆಯಲ್ಲೇ ಸಿದ್ಧಪಡಿಸುವ ಉಸಾಬರಿಗೆ ನಾವು ಇಳಿದದ್ದು ಹವ್ಯಾಸಕ್ಕಾಗಿ ಅಲ್ಲ. ಮೂರು ವರ್ಷಗಳ ಹಿಂದಿನ ಬೇಸಿಗೆಯಲ್ಲಿ ಮಾನವಿಯ ನಮ್ಮ ಸೋದರತ್ತೆಯವರು ಜ್ವರದಿಂದ ಹಾಸಿಗೆ ಹಿಡಿದರು. ಎಂಬತ್ತರ ವಯಸ್ಸು, ಬಾಯಲ್ಲಿ ಹಲ್ಲಿಲ್ಲ, ಅನ್ನ ಕಂಡರೆ ಓಕರಿಕೆ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿಕೊಟ್ಟರೂ ಗಂಟಲಿಗೆ ಇಳಿಯದು. ವೈದ್ಯರು ಹಾಲು ಬ್ರೆಡ್ಡು ಕೊಡಿರೆಂದರು. ಅತ್ತೆಯವರು ಮುಖ ತಿರುವಿದರು. "ಅದರಾಗ ತತ್ತಿ ಹಾಕಿರ್ತಾರ, ನನಗ ಬ್ಯಾಡ" ಎಂಬುದು ಅವರ ಒಂದೇ ಮಾತು. ಹಾಸನದ ಕಡೆಯಿಂದ ಬಂದು ಊರೂರಿನಲ್ಲಿ ನೆಲೆಸಿದ ಅಯ್ಯಂಗಾರ್ ಬೇಕರಿಗಳಲ್ಲಿ ತತ್ತಿ ಬಳಸುವುದಿಲ್ಲವೆಂದು ನಾವು ಎಷ್ಟು ಹೇಳಿದರೂ ಅವರು ನಂಬಲಿಲ್ಲ. "ನೀ ಕಂಡೀಯೇನು?" ಎಂದು ಕೇಳಿದರು. ನಾವು ಕಂಡಿರಲಿಲ್ಲ. ಜನ್ಮವಿಡೀ ಶುದ್ಧ ಶಾಕಾಹಾರದಲ್ಲಿ ಬದುಕಿದ ಜೀವಕ್ಕೆ ಕಾಣದ್ದನ್ನು ನಂಬೆನ್ನುವುದು ನಮಗೂ ಸರಿ ಎನಿಸಲಿಲ್ಲ.

ಬ್ರೆಡ್ಡುಗಳಲ್ಲಿ ಹಲವು ಬಗೆ. ಹಾಲು, ಬೆಣ್ಣೆ, ಸಕ್ಕರೆ, ಕೆಲವಕ್ಕೆ ತತ್ತಿ ಸಹ ಬೀಳುವುದುಂಟು. ಆದರೆ ಫ್ರೆಂಚ್ ಬ್ರೆಡ್ಡಿಗೆ ಬೇಕಾದದ್ದು ನಾಲ್ಕೇ ಪದಾರ್ಥ: ಗೋಧಿಯ ಹಿಟ್ಟು, ನೀರು, ಉಪ್ಪು, ಹುದುಗು. ಈ ಸರಳತೆಯನ್ನು ಕಾಪಾಡಲು ಫ್ರಾನ್ಸ್ ಸರ್ಕಾರ 1993ರ ಸೆಪ್ಟೆಂಬರ್‌ನಲ್ಲಿ ಒಂದು ಆಜ್ಞೆಯನ್ನೇ ಹೊರಡಿಸಿತು. 'ಸಾಂಪ್ರದಾಯಿಕ ಫ್ರೆಂಚ್ ಬ್ರೆಡ್' ಎಂಬ ಹೆಸರಿನಲ್ಲಿ ಮಾರುವುದಕ್ಕೆ ರಾಸಾಯನಿಕ ಪದಾರ್ಥಗಳನ್ನು ಬೆರೆಸಕೂಡದು, ಕಣಕವನ್ನು ಹಿಮಗಟ್ಟಿಸಿ ಇಡಕೂಡದು ಎಂದು ಅದರಲ್ಲಿ ವಿಧಿಸಲಾಗಿದೆ. ಅಲ್ಲಿಯ ಉದ್ದನೆಯ ಬ್ಯಾಗೆಟ್ ತಯಾರಿಸುವ ಕೌಶಲವನ್ನು ಯುನೆಸ್ಕೊ 2022ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. (ನಮ್ಮ ಜೋಳದ ರೊಟ್ಟಿ ಬಡಿಯುವ ಕೈಗಳಿಗೂ ಒಂದು ದಿನ ಅಂಥ ಮನ್ನಣೆ ಸಿಕ್ಕೀತೇ ಎಂದು ನಾವು ಆಗ ಅಸೂಯೆಪಟ್ಟೆವೆಂದು ಒಪ್ಪಿಕೊಳ್ಳಬೇಕು.) ನಮ್ಮ ದೇಶದಲ್ಲಿಯೂ ಎಚ್ಚರ ಮೂಡಿದೆ. 2016ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು ಬ್ರೆಡ್ಡು ಬನ್ನುಗಳ 38 ಮಾದರಿಗಳನ್ನು ಪರೀಕ್ಷಿಸಿ, ಶೇಕಡ 84ರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಅಂಶ ಇದೆಯೆಂದು ಪ್ರಕಟಿಸಿತು. ಅದೇ ವರ್ಷ ಬ್ರೋಮೇಟ್ ಬಳಕೆಗೆ ನಿಷೇಧ ಬಂದಿತು.

ನಾಲ್ಕೇ ಪದಾರ್ಥವೆಂದ ಮೇಲೆ ಕಷ್ಟವೇನೆಂದು ನಾವು ರಾಯಚೂರಿನ ನಮ್ಮ ಮನೆಯಲ್ಲಿ ಮೊದಲ ಪ್ರಯೋಗ ನಡೆಸಿದೆವು. ಪುಸ್ತಕದಲ್ಲಿ 'ಉಗುರುಬೆಚ್ಚಗಿನ ನೀರಿನಲ್ಲಿ ಯೀಸ್ಟ್ ಕದಡಿ, ಕಣಕವನ್ನು ಬೆಚ್ಚಗಿನ ಜಾಗದಲ್ಲಿಡಿ' ಎಂದಿತ್ತು. ಹಾಗೆಯೇ ಮಾಡಿದೆವು. ಮುಕ್ಕಾಲು ಗಂಟೆಯಲ್ಲಿ ಕಣಕ ಪಾತ್ರೆ ಮೀರಿ ಉಕ್ಕಿತು, ನಾವು ಹಿಗ್ಗಿದೆವು. ಇನ್ನರ್ಧ ಗಂಟೆಗೆ ಅದು ಕುಸಿದು, ಅಂಟಂಟಾಗಿ, ಹುಳಿ ನಾರತೊಡಗಿತು. ಸುಟ್ಟ ಮೇಲೆ ಬಂದದ್ದು ಹಲಗೆಯಂಥ ಒಂದು ವಸ್ತು.

ತಪ್ಪು ಪುಸ್ತಕದ್ದಲ್ಲ. ಅದು ಚಳಿದೇಶದವರಿಗಾಗಿ ಬರೆದದ್ದು. ಏಪ್ರಿಲ್ ತಿಂಗಳಲ್ಲಿ ಹೊರಗೆ 40 ಡಿಗ್ರಿ ಮೀರುವ ನಮ್ಮೂರಿನಲ್ಲಿ 'ಬೆಚ್ಚಗಿನ ಜಾಗ' ಹುಡುಕುವುದೇ ಹಾಸ್ಯಾಸ್ಪದ. ಯೀಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಒಂದು ಜಾತಿಯ ಶಿಲೀಂಧ್ರ. ನಾಯಿಕೊಡೆಯ ಬಳಗಕ್ಕೆ ಸೇರಿದ್ದು, ಪ್ರಾಣಿಮೂಲದ್ದಲ್ಲ. ಹಿಟ್ಟಿನ ಸಕ್ಕರೆಯನ್ನು ಉಂಡು ಅದು ಗಾಳಿಯನ್ನೂ ತುಸು ಮದ್ಯಸಾರವನ್ನೂ ಬಿಡುತ್ತದೆ. 1857ರ ಸುಮಾರಿಗೆ ಫ್ರೆಂಚ್ ವಿಜ್ಞಾನಿ ಲೂಯಿ ಪಾಶ್ಚರ್ ಹುಳಿಯುವಿಕೆ ಜೀವಿಗಳ ಕೆಲಸವೆಂದು ತೋರಿಸಿಕೊಟ್ಟನು. ಉಷ್ಣತೆ ಏರಿದಂತೆ ಅದರ ಕೆಲಸ ಭರದಿಂದ ಸಾಗುತ್ತದೆ. ರುಚಿ ಕಟ್ಟುವುದಕ್ಕೆ ಮಾತ್ರ ನಿಧಾನ ಬೇಕು. ಕಣಕ 24ರಿಂದ 26 ಡಿಗ್ರಿಯಲ್ಲಿರುವುದು ಉತ್ತಮ. ಫ್ರೆಂಚ್ ಬೇಕರಿಯವರು ಕೋಣೆ, ಹಿಟ್ಟು, ನೀರು ಈ ಮೂರರ ಉಷ್ಣತೆಯನ್ನು ಕೂಡಿ ಲೆಕ್ಕ ಹಾಕುತ್ತಾರೆ. ಮೊತ್ತ 60ರ ಆಸುಪಾಸು ಬರಬೇಕೆಂಬುದು ಅವರ ಅಂದಾಜು. ನಮ್ಮ ಬೇಸಿಗೆಯಲ್ಲಿ ಕೋಣೆಯೂ ಹಿಟ್ಟೂ ಸೇರಿಯೇ 70 ದಾಟಿಬಿಡುತ್ತವೆ. ತಣ್ಣೀರೊಂದೇ ಸಾಲದು, ಹಿಟ್ಟಿನ ಡಬ್ಬಿಯನ್ನೂ ಹಿಂದಿನ ರಾತ್ರಿ ಫ್ರಿಜ್ಜಿನಲ್ಲಿ ಇಡಬೇಕೆಂಬುದು ಆಗ ನಮಗೆ ಹೊಳೆಯಿತು.

ಈಗ ಅಳತೆಗೆ ಬರೋಣ. ಅರ್ಧ ಕಿಲೊ ಮೈದಾ, 325 ಮಿಲಿಲೀಟರ್ ನೀರು, 10 ಗ್ರಾಂ ಉಪ್ಪು ಅಂದರೆ ಎರಡು ಟೀ ಚಮಚಕ್ಕೆ ತುಸು ಕಡಿಮೆ. ನೇರವಾಗಿ ಹಿಟ್ಟಿಗೆ ಬೆರೆಸುವ 'ಇನ್‌ಸ್ಟಂಟ್' ಯೀಸ್ಟ್ ಪುಷ್ಯಮಾಸದ ಚಳಿಯಲ್ಲಿ ಒಂದೂವರೆ ಟೀ ಚಮಚ, ಬೇಸಿಗೆಯಲ್ಲಿ ಅರ್ಧ ಚಮಚ ಮಾತ್ರ. ಎಲ್ಲವನ್ನೂ ಪರಾತದಲ್ಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಟ್ಟು, ಬಳಿಕ ಹತ್ತು ನಿಮಿಷ ನಾದಬೇಕು. ಮೊದಲಿಗೆ ಕೈಗೆ ಅಂಟುತ್ತದೆ. ಒಣಹಿಟ್ಟು ಸುರಿಯುವ ಆತುರ ಬೇಡ. ನಾದುತ್ತ ಹೋದಂತೆ ಅದು ತಾನೇ ಕೈ ಬಿಡುತ್ತದೆ. ಚಿಕ್ಕ ಉಂಡೆಯೊಂದನ್ನು ಬೆರಳುಗಳಿಂದ ಹಿಗ್ಗಿಸಿದಾಗ ಹರಿಯದೆ, ಬೆಳಕು ತೂರುವಷ್ಟು ತೆಳುವಾದರೆ ನಾದಿದ್ದು ಸಾಕೆಂದು ತಿಳಿಯಬೇಕು. ಚಳಿಗಾಲದಲ್ಲಿ ಒದ್ದೆಬಟ್ಟೆ ಮುಚ್ಚಿ ಒಂದೂವರೆ ಗಂಟೆ ಬಿಟ್ಟರೆ ಇಮ್ಮಡಿಯಾಗುತ್ತದೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೆ ನಾದಿ, ಮುಚ್ಚಳವಿರುವ ಪಾತ್ರೆಯಲ್ಲಿ ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಟ್ಟು ಮಲಗಿಬಿಡುವುದೇ ಮೇಲು. ಬೆಳಗಿನ ಆರಕ್ಕೆ ತೆಗೆದು, ದುಂಡಗೆ ಅಥವಾ ಉದ್ದಕ್ಕೆ ರೂಪ ಕೊಟ್ಟು, ಸುಮಾರು ಮುಕ್ಕಾಲು ಗಂಟೆ ಬಿಡಬೇಕು. ಬೆರಳಿನಿಂದ ಒತ್ತಿದ ಗುಳಿ ಮೆಲ್ಲಗೆ ಮೇಲೇಳುವಂತಿದ್ದರೆ ಒಲೆಗೆ ಸಿದ್ಧ. ಮೇಲೆ ಹರಿತವಾದ ಬ್ಲೇಡಿನಿಂದ ಓರೆಯಾಗಿ ಎರಡು ಗೀರು ಎಳೆಯದಿದ್ದರೆ ಬ್ರೆಡ್ಡು ತನಗೆ ಬೇಕಾದೆಡೆ ಬಿರಿಯುತ್ತದೆ.

ವಿದ್ಯುತ್ ಓವನ್ ಇದ್ದವರು 230 ಡಿಗ್ರಿಗೆ ಚೆನ್ನಾಗಿ ಕಾಯಿಸಿ, ತಳದಲ್ಲೊಂದು ಬಟ್ಟಲು ಕುದಿಯುವ ನೀರಿಟ್ಟು, ಸುಮಾರು 25 ನಿಮಿಷ ಸುಡಬೇಕು. ಆ ಹಬೆಯಿಂದಲೇ ಫ್ರೆಂಚ್ ಬ್ರೆಡ್ಡಿನ ಗರಿಗರಿ ಹೊರಪದರ ಬರುವುದು, ಬೆಣ್ಣೆಯಿಂದಲ್ಲ.

ಮಾನವಿಯ ಮನೆಯಲ್ಲಿ ಓವನ್ ಇರಲಿಲ್ಲ. ರಾಯಚೂರಿನಲ್ಲಿ ಮಾಡಿ ಒಯ್ಯಬಹುದಿತ್ತು, ಆದರೆ ಅತ್ತೆಯವರಿಗೆ ಕಣ್ಣಾರೆ ಕಾಣಬೇಕಿತ್ತಲ್ಲವೇ? ಹಳೆಯ ದಪ್ಪ ತಳದ ಪಾತ್ರೆಯೊಂದನ್ನು ರೊಟ್ಟಿಯ ಹಂಚಿನ ಮೇಲಿಟ್ಟು, ಒಳಗೆ ಎರಡು ಹಿಡಿ ಉಪ್ಪು ಹರಡಿ, ಮೇಲೊಂದು ಸಿಂಬೆಯಂಥ ಅಡ್ಡಣಿಗೆ ಇರಿಸಿ, ಮುಚ್ಚಿ ಹದಿನೈದು ನಿಮಿಷ ಕಾಯಿಸಿದೆವು. ಅರ್ಧ ಅಳತೆಯ ಕಣಕವನ್ನು ಎಣ್ಣೆ ಸವರಿದ ತಟ್ಟೆಯಲ್ಲಿ ದುಂಡಗೆ ಇಟ್ಟು ಒಳಗಿಳಿಸಿ, ಹಬೆ ಹೊರಹೋಗದಂತೆ ಮುಚ್ಚಳದ ಮೇಲೆ ಭಾರವಿಟ್ಟೆವು. ಮಧ್ಯಮ ಉರಿಯಲ್ಲಿ ಹತ್ತು ನಿಮಿಷ, ಸಣ್ಣ ಉರಿಯಲ್ಲಿ ಅರ್ಧ ಗಂಟೆ, ಮಗುಚಿ ಹಾಕಿ ಮತ್ತೆ ಹತ್ತು ನಿಮಿಷ. ತಳವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂತು. ಒಲೆಯ ಮೇಲಿನದು ಓವನ್ನಿನದರಷ್ಟು ಕೆಂಪಗಾಗದು, ರುಚಿಗೆ ಕೊರತೆಯಿಲ್ಲ. ನಿತ್ಯ ಬಳಸುವ ಕುಕ್ಕರನ್ನು ಹೀಗೆ ನೀರಿಲ್ಲದೆ ಕಾಯಿಸುವುದು ಬೇಡವೆಂದು ನಮ್ಮ ಸಲಹೆ.

ಅತ್ತೆಯವರು ಮಂಚದಿಂದೆದ್ದು ಗೋಡೆಗೊರಗಿ ಎಲ್ಲವನ್ನೂ ನೋಡುತ್ತಿದ್ದರು. ಉಬ್ಬಿದ ಕಣಕವನ್ನು ಮೂಸಿ, "ಸೆರೆ ವಾಸನಿ ಬರ್ತದಲ್ಲ?" ಎಂದು ಹೊಸ ತಕರಾರು ತೆಗೆದರು. ಅವರ ಮೂಗು ಸುಳ್ಳಾಡಿರಲಿಲ್ಲ. ಯೀಸ್ಟ್ ಬಿಡುವ ಮದ್ಯಸಾರದ ವಾಸನೆ ಅದು. ಒಲೆಯ ಕಾವಿಗೆ ಬಹುಪಾಲು ಆವಿಯಾಗಿ ಹೋಗುತ್ತದೆ. ಇತಿಹಾಸದಲ್ಲಿಯೂ ಈ ಸಂಶಯಕ್ಕೆ ಆಧಾರವುಂಟು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ ಕ್ರಿಸ್ತೊವಾವ್ ದ ಫಿಗೆರೇದೊ ಎಂಬ ಪೋರ್ಚುಗೀಸನು ತನ್ನ ಬಂದೂಕಿನವರೊಡನೆ ರಾಯನ ಪಕ್ಷದಲ್ಲಿ ಕಾದಿದನು. ಆ ಪೋರ್ಚುಗೀಸರೇ ಗೋವೆಯಲ್ಲಿ ತಮ್ಮ ಬ್ರೆಡ್ಡಿನ ಪದ್ಧತಿಯನ್ನು ನೆಲೆಗೊಳಿಸಿದವರು. ಇಂದಿನ 'ಪಾವ್' ಎಂಬ ಮಾತು ಅವರದೇ. ಅಲ್ಲಿ ಹಿಟ್ಟು ಹುದುಗಿಸಲು ತೆಂಗಿನ ಹೆಂಡವನ್ನು ಬಳಸುತ್ತಿದ್ದರು. ಇಂದಿನ ಯೀಸ್ಟಿನ ಕಾಳುಗಳಿಗೆ ಹೆಂಡದ ಗೊಡವೆಯಿಲ್ಲವೆಂದು ಹೇಳಿ ಪೊಟ್ಟಣವನ್ನೇ ಅವರ ಕೈಗಿತ್ತೆವು.

ಒಂದು ಗಂಟೆ ಆರಲು ಬಿಟ್ಟು, ಒಳಗಿನ ಮೆತ್ತನೆಯ ತಿರುಳನ್ನು ಬಿಸಿಹಾಲಿನಲ್ಲಿ ಕಿವುಚಿ ಕೊಟ್ಟೆವು. ಅವರು ಬಟ್ಟಲು ಖಾಲಿ ಮಾಡಿದರು. ನಾಲ್ಕು ದಿನಗಳ ನಂತರ ಅವರ ಹೊಟ್ಟೆಗೆ ಬಿದ್ದ ಮೊದಲ ಗಟ್ಟಿ ಆಹಾರ ಅದು. ಬಟ್ಟಲು ಕೆಳಗಿಟ್ಟು ಅವರು ಕೇಳಿದ್ದು, "ಜ್ವಾಳದ್ದು ಹಿಂಗ ಉಬ್ಬಂಗಿಲ್ಲೇನು?"

ಈ ಪ್ರಶ್ನೆಯನ್ನು ನಾವು ದೇವದುರ್ಗದ ನಮ್ಮ ತಂಗಿಯ ಮನೆಗೆ ಒಯ್ದೆವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಮಾನವಿ ಭಾಗದ ಎಷ್ಟೋ ಹೊಲಗಳು ಭತ್ತದ ಗದ್ದೆಗಳಾದವು. ದೇವದುರ್ಗದ ತಂಗಿಯ ಮನೆಯಲ್ಲಿ ಇಂದಿಗೂ ಸ್ವಂತ ಹೊಲದ ಬಿಳಿಜೋಳವಿದೆ, ಅವಳ ಕೈಯ ರೊಟ್ಟಿ ಕಾಗದದಷ್ಟು ತೆಳು. ಆದರೆ ಜೋಳದಲ್ಲಿ ಗೋಧಿಯಲ್ಲಿರುವಂಥ ಗ್ಲುಟೆನ್ ಎಂಬ ಅಂಟುಸತ್ವ ಇಲ್ಲ. ಯೀಸ್ಟ್ ಎಷ್ಟು ಗಾಳಿ ಬಿಟ್ಟರೂ ಹಿಡಿದಿಡುವ ಚೀಲವೇ ಅಲ್ಲಿಲ್ಲ. ಅರ್ಧಕ್ಕರ್ಧ ಬೆರೆಸಿದ ಮೊದಲ ಬ್ರೆಡ್ಡು ಇಟ್ಟಿಗೆಯಾಯಿತು. ಐದರಲ್ಲೊಂದು ಪಾಲು ಬೆರೆಸಿದ್ದು ಉಬ್ಬಿತು, ಆದರೆ ಮಾರನೆಯ ದಿನ ಪುಡಿಪುಡಿ.

ಆಗ ತಂಗಿ ಹೇಳಿದಳು: "ಜ್ವಾಳದ ಹಿಟ್ಟಿಗೆ ಎಸರು ಹಾಕದ ರೊಟ್ಟಿ ಬಡದವರು ಯಾರದಾರ?" ನಮಗೆ ನಾಚಿಕೆಯಾಯಿತು. ಕುದಿಯುವ ನೀರು ಬಿದ್ದಾಗ ಜೋಳದ ಪಿಷ್ಟ ಬೆಂದು ಜಿಗುಟಾಗುತ್ತದೆ. ಅಂಟುಸತ್ವವಿಲ್ಲದ ಹಿಟ್ಟು ರೊಟ್ಟಿಯಾಗಿ ನಿಲ್ಲುವುದು ಆ ಎಸರಿನ ಬಲದಿಂದಲೇ. ಅವಳು 100 ಗ್ರಾಂ ಜೋಳದ ಹಿಟ್ಟಿಗೆ 140 ಮಿಲಿಲೀಟರ್ ಎಸರು ಹೊಯ್ದು ಕಲಸಿ, ಪೂರ್ತಿ ಆರಿಸಿದಳು. ಆರದೆ ಬೆರೆಸಿದರೆ ಯೀಸ್ಟ್ ಸಾಯುತ್ತದೆ. 60 ಡಿಗ್ರಿಯ ಕಾವನ್ನು ಅದು ತಾಳದು. ನಂತರ 400 ಗ್ರಾಂ ಮೈದಾ, 200 ಮಿಲಿಲೀಟರ್ ತಣ್ಣೀರು, ಮೊದಲಿನಷ್ಟೇ ಉಪ್ಪು ಮತ್ತು ಯೀಸ್ಟ್ ಸೇರಿಸಿ ನಾದಿದಳು. ಸುಡುವ ನಡುವೆ ವಿದ್ಯುತ್ ಹೋಯಿತು. ಓವನ್ನಿನಿಂದ ತೆಗೆದು ಕಾದ ಪಾತ್ರೆಗೆ ಇಳಿಸಿ ಮುಗಿಸಿದೆವು. ತಿರುಳು ನಸುಬೂದು, ವಾಸನೆ ರೊಟ್ಟಿಯದು, ಎರಡನೆಯ ದಿನವೂ ಮೃದು. ನಮ್ಮ ಮನೆಯಲ್ಲಿ ಈಗ ಇದೇ ರೂಢಿ.

ಸಕ್ಕರೆ ಹಾಕಿಲ್ಲವೆಂದು ಮಧುಮೇಹಿಗಳು ಇದನ್ನು ಧಾರಾಳವಾಗಿ ತಿನ್ನುವಂತಿಲ್ಲ. ಮೈದಾ ರಕ್ತದಲ್ಲಿ ಬೇಗನೆ ಸಕ್ಕರೆಯಾಗುತ್ತದೆ. ಉಳಿದವರು ಶೇಂಗಾ ಚಟ್ನಿಪುಡಿ ಮತ್ತು ಕೆನೆಮೊಸರಿನೊಂದಿಗೆ, ಅಥವಾ ಪುಂಡಿಪಲ್ಯದೊಂದಿಗೆ ತಿಂದು ನೋಡಬೇಕು. ಜಿಡ್ಡಿಲ್ಲದ ಕಾರಣ ಬರೀ ಮೈದಾದ ಬ್ರೆಡ್ಡು ಮರುದಿನಕ್ಕೇ ಬಿರುಸಾಗುತ್ತದೆ. ತಿಂಗಳುಗಟ್ಟಲೆ ಕೆಡದ ನಮ್ಮ ಖಡಕ್ ರೊಟ್ಟಿಯ ಮುಂದೆ ಈ ವಿಷಯದಲ್ಲಿ ಅದು ಸೋತದ್ದೇ. ಬಿರುಸಾದುದನ್ನು ಚೂರು ಮಾಡಿ, ಈರುಳ್ಳಿ ಹಸಿಮೆಣಸಿನಕಾಯಿ ಒಗ್ಗರಣೆಗೆ ಹಾಕಿ, ನೀರು ಚಿಮುಕಿಸಿ ಕೈಯಾಡಿಸಿದರೆ ಸಂಜೆಯ ಉಪಾಹಾರವಾಯಿತು. ಅತ್ತೆಯವರಿಗೆ ಈಗ ಎಂಬತ್ತಮೂರು. ಮಾನವಿಗೆ ಹೋಗುವಾಗ ನಮ್ಮ ಚೀಲದಲ್ಲಿ ಯೀಸ್ಟಿನ ಪೊಟ್ಟಣವಿರುತ್ತದೆ, ಸಿದ್ಧ ಬ್ರೆಡ್ಡು ಇರುವುದಿಲ್ಲ; ತಮ್ಮ ಕಣ್ಣೆದುರು ನಾದಿದ್ದನ್ನಲ್ಲದೆ ಅವರು ಇಂದಿಗೂ ಮುಟ್ಟುವುದಿಲ್ಲ.